ಪದ್ಮಾಸನಿ ಟೀಚರಿಗೆ ಕೆತ್ತಿದ ಸಾಲು

ನಮ್ಮೂರಿನಲ್ಲಿ ಪ್ರಶಸ್ತಿಗಳು ಬೆವರುತ್ತವೆ. ಬೇರೆ ಊರುಗಳಲ್ಲಿ ಹಾಗಿಲ್ಲವಂತೆ. ಅಲ್ಲಿ ಯಾರ ಹೆಸರಿನ ಕೆಳಗೆ ಏನು ಕೆತ್ತಿದರೂ ಹರಳುಗಾಜು ತನ್ನ ಪಾಡಿಗೆ ತಾನು ಹೊಳೆಯುತ್ತಾ ಕೂತಿರುತ್ತದಂತೆ. ವರ್ಗವಾಗಿ ಬಂದ ಬ್ಯಾಂಕ್ ಮ್ಯಾನೇಜರು ಹಾಗೆಂದಾಗ ನಾವು ನಂಬಲಿಲ್ಲ. "ಮತ್ತೆ ಅಲ್ಲಿಯ ಜನಕ್ಕೆ ಗೊತ್ತಾಗೋದು ಹೇಗೆ ಸಾರ್?" ಎಂದು ನನ್ನ ಗಂಡ ಕೆಂಪಣ್ಣ ಕೇಳಿದ್ದಕ್ಕೆ ಆ ಮನುಷ್ಯ ತಲೆ ಕೆರೆದುಕೊಂಡು, ತಂದಿದ್ದ ಕೊಡೆಯನ್ನೂ ನಮ್ಮ ಅಂಗಡಿಯಲ್ಲೇ ಬಿಟ್ಟು ಹೋದರು.

ಸುಳ್ಳು ಹೊಗಳಿಕೆ ಕೆತ್ತಿದ ಹರಳು ಬೆವರುತ್ತದೆ, ಅಷ್ಟೇ. ಒಂದಿಷ್ಟು ಉತ್ಪ್ರೇಕ್ಷೆಯಿದ್ದರೆ ಮೇಲ್ತುದಿಯಲ್ಲಿ ಮಂಜು ಹಿಡಿದಂತಾಗುತ್ತದೆ. ಅದನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ, ಮರ್ಯಾದೆ ಅಂದಮೇಲೆ ಅಷ್ಟು ತೇವ ಇರಲೇಬೇಕು. ಪೂರಾ ಸುಳ್ಳಾದರೆ ಮಾತ್ರ ಧಾರೆಯೇ. ಊರವರು ಇದಕ್ಕೆ ಎಂದೋ ಹೊಂದಿಕೊಂಡಿದ್ದಾರೆ. ಶೋಕೇಸು ಮಾಡಿಸುವಾಗ ಬಡಗಿಯೇ ಕೇಳುತ್ತಾನೆ, "ಸ್ವಾಮಿ, ಕೆಳಗೊಂದು ತೂತು ಬಿಡ್ಲಾ?" ಹೆಣ್ಣು ಕೊಡುವವರು ಗಂಡಿನ ಮನೆಗೆ ಹೋದಾಗ ಕಾಫಿ ಕುಡಿಯುತ್ತಾ ಕೈ ಜಾರಿದವರಂತೆ ಶೋಕೇಸಿನ ತಳ ಮುಟ್ಟಿ ನೋಡುತ್ತಾರೆ. ನಮ್ಮೂರಿನ ಕವಿಯೊಬ್ಬರಿಗೆ ಯುಗದ ಕವಿ ಎಂದು ಕೆತ್ತಿಸಿಕೊಟ್ಟ ಹರಳಿನ ಕೆಳಗೆ ಅವರ ಹೆಂಡತಿ ಕೆಸುವಿನ ಗಡ್ಡೆ ನೆಟ್ಟು, ವರ್ಷವಿಡೀ ಪತ್ರೊಡೆ ಮಾಡುತ್ತಾರೆ. ಪತ್ರೊಡೆ ನಿಜಕ್ಕೂ ಚೆನ್ನಾಗಿರುತ್ತದೆ. ನಲ್ಲಿಯಲ್ಲಿ ನೀರು ಬಾರದ ದಿನ ಮಾಜಿ ಪುರಸಭಾ ಸದಸ್ಯರ ಮನೆಗೆ ನೆರೆಹೊರೆಯವರು ಬಿಂದಿಗೆ ಹಿಡಿದು ಹೋಗುವುದೂ ಉಂಟು.

ಸಮಾರಂಭಗಳಿಗೆ ಒರೆಸುವವನೊಬ್ಬ ಇದ್ದಾನೆ, ಪುಟ್ಟಸಿದ್ದ ಅಂತ. ವೇದಿಕೆಯ ಮೂಲೆಯಲ್ಲಿ ಹೆಗಲ ಮೇಲೆ ಟವೆಲು ಹಾಕಿಕೊಂಡು ಕೂರುವುದು, ಪ್ರಶಸ್ತಿ ಕೈಬದಲಾಗುವಾಗ ಎದ್ದು ಬಂದು ಬೆವರು ಒರೆಸುವುದು, ಮುಖದಲ್ಲಿ ಏನನ್ನೂ ತೋರಿಸದಿರುವುದು, ಇದು ಅವನ ಕೆಲಸ. ಮೂರನೆಯದನ್ನು ಅವನಷ್ಟು ಚೆನ್ನಾಗಿ ಮಾಡುವವರು ಸುತ್ತಮುತ್ತ ಇಲ್ಲ.

ಪ್ರಶಸ್ತಿ ಮಾಡುವವರು ನಾವು. ನಾನು ದೇವೀರಿ, ಅಕ್ಷರ ನನ್ನದು. ಗಾಜು ಕೆಂಪಣ್ಣನದು. ದೂರದಿಂದ ಬರುವ ಹರಳುಗಾಜಿನ ಗಟ್ಟಿಗಳನ್ನು ಅವನು ನೀರು ಹಾಯಿಸುವ ಚಕ್ರಕ್ಕೆ ಕೊಟ್ಟು ಕೊಯ್ಯುತ್ತಾನೆ, ಅಂಚುಗಳನ್ನು ಓರೆಯಾಗಿ ಸವೆಸುತ್ತಾನೆ, ಆಮೇಲೆ ಗುಲಾಬಿ ಬಣ್ಣದ ಪುಡಿ ಕಲಸಿದ ನೀರು ಹಚ್ಚಿ ಮೆತ್ತನೆಯ ಚಕ್ರಕ್ಕೆ ಹಿಡಿದು ಉಜ್ಜುತ್ತಾನೆ. ಉಜ್ಜಿ ಉಜ್ಜಿ ಕೊನೆಗೆ ಅಲ್ಲೊಂದು ಗಾಜಿದೆ ಎಂಬುದೇ ಕಾಣದಂತಾಗಬೇಕು. ಅಷ್ಟರಲ್ಲಿ ನಾನು ಸಾಲುಗಳನ್ನು ಬರೆದು, ಬೆಳಕಿಗೆ ಗಟ್ಟಿಯಾಗುವ ಹಾಳೆಯ ಮೇಲೆ ಅಚ್ಚು ಬೀಳಿಸಿ ತೊಳೆಯುತ್ತೇನೆ. ಅಕ್ಷರ ಇದ್ದಲ್ಲೆಲ್ಲ ಹಾಳೆ ಕರಗಿ ಜಾಲರಿಯಾಗುತ್ತದೆ. ಅದನ್ನು ಗಾಳಿಗುಳ್ಳೆ ಏಳದಂತೆ ಗಾಜಿಗೆ ಅಂಟಿಸಬೇಕು. ಕನ್ನಡದ ಅಕ್ಷರಗಳಿಗೆ ಹೊಟ್ಟೆ ಜಾಸ್ತಿ, ಠಕಾರದ ನಡುವಿನ ಚುಕ್ಕೆಯೊಂದು ಕಳಚಿಬಿದ್ದರೆ ಕರ್ಮಠರು ಇನ್ನೇನೋ ಆಗಿಬಿಡುತ್ತಾರೆ. ಉಳಿದ ಭಾಗಕ್ಕೆಲ್ಲ ಟೇಪು ಸುತ್ತಿ ಗಾಜನ್ನು ಪೆಟ್ಟಿಗೆಯೊಳಗಿಟ್ಟು, ರಬ್ಬರಿನ ಕೈಗವಸುಗಳೊಳಗೆ ಕೈ ತೂರಿಸಿ, ಕಂಪ್ರೆಸರಿನ ಗಾಳಿಯಲ್ಲಿ ನುಣ್ಣನೆಯ ಮರಳು ಊದುತ್ತೇನೆ. ಹಾಳೆ ಮುಚ್ಚಿದ ಕಡೆ ಮರಳು ಪುಟಿದು ಹೋಗುತ್ತದೆ, ಬಿಟ್ಟ ಕಡೆ ಗಾಜನ್ನು ಕಚ್ಚಿ ಬೆಳ್ಳಗೆ ಮಾಡುತ್ತದೆ. ಹಾಳೆ ಕಿತ್ತು, ತೊಳೆದು, ಒಣಬಟ್ಟೆಯಲ್ಲಿ ಒರೆಸಿ ಮೇಜಿನ ಮೇಲಿಟ್ಟು ಇಬ್ಬರೂ ಒಂದು ಟೀ ಕುಡಿಯುತ್ತೇವೆ. ಟೀ ಮುಗಿಯುವಷ್ಟರಲ್ಲಿ ಹರಳು ತನ್ನ ಅಭಿಪ್ರಾಯ ಹೇಳಿರುತ್ತದೆ.

ಮೊದಲೇ ಚೂರುಗಾಜಿನ ಮೇಲೆ ಕೆತ್ತಿ ಪರೀಕ್ಷೆ ಮಾಡೋಣವೆಂದರೆ ಆಗುವುದಿಲ್ಲ. ಚೂರುಗಾಜು ಏನು ಬರೆದರೂ ಸುಮ್ಮನಿರುತ್ತದೆ. ಅದಕ್ಕೇನು ಮಾನ ಹೋಗುವ ಭಯ?

ನಮ್ಮೂರಿನ ಶಾಲೆಗೆ ನೂರು ತುಂಬಿದ ವರ್ಷ ಸೋಡಾ ಫ್ಯಾಕ್ಟರಿಯ ವೃಷಭೇಂದ್ರ ಅಂಗಡಿಗೆ ಬಂದ. ಅವನು ಹಳೆಯ ವಿದ್ಯಾರ್ಥಿಗಳ ಸಂಘದ ಅಧ್ಯಕ್ಷ. ಶಾಲೆಯಲ್ಲಿ ನನಗಿಂತ ಎರಡು ತರಗತಿ ಮುಂದಿದ್ದವನು. ದೊಡ್ಡ ಆಳು, ದೊಡ್ಡ ದನಿ, ಮಾತಾಡುತ್ತಾ ಮಾತಾಡುತ್ತಾ ಅವನದೇ ಸೋಡಾದ ಹಾಗೆ ಉಕ್ಕುವ ಸ್ವಭಾವ.

"ದೇವೀರಿ, ಈ ಸಲ ಪದ್ಮಾಸನಿ ಟೀಚರಿಗೆ ಕೊಟ್ಟೇ ಕೊಡೋದು. ಒಪ್ಪಿಸಿಬಿಟ್ಟಿದ್ದೀನಿ," ಅಂದ.

ನನಗೆ ನಂಬಿಕೆಯಾಗಲಿಲ್ಲ. ಪದ್ಮಾಸನಿ ಟೀಚರ್ ನಮಗೆಲ್ಲ ಲೆಕ್ಕ ಕಲಿಸಿದವರು. ಊರಿನ ಅರ್ಧ ಜನ ಅವರ ಕೈಕೆಳಗೆ ಮಗ್ಗಿ ಒಪ್ಪಿಸಿದವರೇ. ಅವರಿಗೆ ಪ್ರಶಸ್ತಿ ಕೊಡಬೇಕೆಂದು ಊರು ಎಷ್ಟೋ ಸಲ ಹೊರಟಿತ್ತು, ಪ್ರತಿ ಸಲವೂ ಟೀಚರಿಗೆ ಅದೇ ದಿನ ಜ್ವರ ಬರುತ್ತಿತ್ತು. ನಿವೃತ್ತಿಯ ದಿನ ಶಾಲೆಯ ಹಿಂಬಾಗಿಲಿನಿಂದ ಮನೆಗೆ ಹೋಗಿಬಿಟ್ಟಿದ್ದರು. ಎಂಥ ವಿನಯ, ಎಂಥ ಸರಳತೆ ಎಂದು ನಾವೆಲ್ಲ ಕೊಂಡಾಡಿದ್ದೆವು.

"ಏನಂತ ಕೆತ್ತಬೇಕು?" ಎಂದೆ.

ವೃಷಭೇಂದ್ರ ಕಣ್ಣು ಮುಚ್ಚಿಕೊಂಡು ಬಾಯಿಪಾಠ ಒಪ್ಪಿಸಿದ. "ಮಕ್ಕಳನ್ನು ಹೆತ್ತ ತಾಯಿಗಿಂತ ಮಿಗಿಲಾಗಿ ಪ್ರೀತಿಸಿದ ಮಾತೃಹೃದಯಿ." ಕಣ್ಣು ತೆರೆದಾಗ ಒದ್ದೆಯಾಗಿದ್ದವು. "ನಾನು ಬುತ್ತಿ ತರದ ದಿನ ತಮ್ಮ ಡಬ್ಬಿಯಿಂದ ಅರ್ಧ ಕೊಡೋರು ಕಣೆ. ಇರೋ ಗಾಜಿನಲ್ಲೇ ದೊಡ್ಡದನ್ನ ತೆಗಿ. ಪುಟ್ಟಸಿದ್ದನಿಗೆ ಆವತ್ತು ರಜಾ ಅಂತ ಈಗಲೇ ಹೇಳಿಬಿಡ್ತೀನಿ."

ಹೇಳಬಹುದು ಎಂದು ನನಗೂ ಅನ್ನಿಸಿತು. ನನಗೆ ನನ್ನದೇ ಕಾರಣವಿತ್ತು. ನಾನು ಶಾಲೆಗೆ ಸೇರುವ ಹೊತ್ತಿಗೆ ಅಮ್ಮ ಇರಲಿಲ್ಲ. ಅಪ್ಪ ದೋಣಿ ನಡೆಸುತ್ತಿದ್ದ, ಬೆಳಗಾಗುವ ಮೊದಲೇ ಹೊರಡುತ್ತಿದ್ದ. ನಾನು ಗೂಡಿನಂಥ ತಲೆ ಹೊತ್ತುಕೊಂಡು ಶಾಲೆಗೆ ಬರುತ್ತಿದ್ದೆ. ಪ್ರಾರ್ಥನೆಯ ಗಂಟೆಗೆ ಮುಂಚೆ ಟೀಚರ್ ನನ್ನನ್ನು ಕಿಟಕಿಯ ಬಳಿ ಕೂರಿಸಿಕೊಂಡು ತಲೆ ಬಾಚಿ ಎರಡು ಜಡೆ ಹಾಕುತ್ತಿದ್ದರು. ಹಾಕುತ್ತಾ ಮಗ್ಗಿ ಹೇಳಿಸುತ್ತಿದ್ದರು. ಹದಿಮೂರರ ಮಗ್ಗಿ ಹೇಳುವಾಗ ಈಗಲೂ ನನ್ನ ನೆತ್ತಿ ಒಂಚೂರು ಬಿಗಿಯುತ್ತದೆ. ಎಲ್ಲರನ್ನೂ ಪ್ರೀತಿಸುತ್ತಿದ್ದರು ಸರಿ, ನನ್ನನ್ನು ಮಾತ್ರ ಒಂದು ತೂಕ ಹೆಚ್ಚಾಗಿ ಎಂದು ನಾನು ಒಳಗೊಳಗೇ ಇಟ್ಟುಕೊಂಡಿದ್ದೆ.

ಕೆಂಪಣ್ಣ ಮೊಳದುದ್ದದ ಗಾಜು ತೆಗೆದ. ಅಷ್ಟು ಶ್ರದ್ಧೆಯಿಂದ ಅವನು ಯಾವುದನ್ನೂ ಉಜ್ಜಿದ್ದನ್ನು ನಾನು ನೋಡಿಲ್ಲ. ನಾನೂ ಅಕ್ಷರಗಳನ್ನು ಹೂವು ಪೋಣಿಸಿದ ಹಾಗೆ ಪೋಣಿಸಿದೆ. ಕೆತ್ತಿ, ತೊಳೆದು, ಒರೆಸಿಟ್ಟು ಟೀ ಕುಡಿಯಲು ಕೂತೆವು. ಅರ್ಧ ಲೋಟ ಕುಡಿದಿರಲಿಲ್ಲ, ಮೇಜಿನಿಂದ ತಟ್ ತಟ್ ಎಂದು ಸದ್ದು ಬಂತು. ತಿರುಗಿ ನೋಡಿದರೆ ಹರಳು ಮಿಂದೆದ್ದ ಎಮ್ಮೆಯ ಹಾಗೆ ನೀರು ಸುರಿಸುತ್ತಿತ್ತು.

"ತೊಳೆದ ನೀರು ಇರಬೇಕು," ಅಂದ ಕೆಂಪಣ್ಣ.

ಒರೆಸಿದೆ. ಮತ್ತೆ ಸುರಿಯಿತು. ಅವನು ಕಂಪ್ರೆಸರಿನ ಗಾಳಿ ತೇವವಾಗಿದೆ ಅಂದ. ಆಮೇಲೆ ಛಾವಣಿ ನೋಡಿದ. ಮೋಡವೇ ಇರಲಿಲ್ಲ. ಕೊನೆಗೆ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡು ಬಹಳ ಬೇಸರದಿಂದ, "ಉಪ್ಪಿದೆ," ಅಂದ. ಬೆವರೇ.

"ಹೆತ್ತ ತಾಯಿಗಿಂತ ಮಿಗಿಲು ಅಂದಿದ್ದು ಜಾಸ್ತಿಯಾಯ್ತು," ಎಂದು ನಾನು ಸಮಾಧಾನ ಹೇಳಿಕೊಂಡೆ. "ಯಾವ ತಾಯಿ ಒಪ್ಪುತ್ತಾಳೆ ಅದನ್ನ?" ಕೆಂಪಣ್ಣ ಆ ಮುಖವನ್ನು ಅಕ್ಷರ ಮಾಯವಾಗುವ ತನಕ ಸವೆಸಿ ಮತ್ತೆ ಉಜ್ಜಿದ. ಗಾಜು ತೆಳುವಾದಷ್ಟೂ ಆಕಾರ ಕೆಡದಂತೆ ಸುತ್ತಲ ಅಂಚನ್ನೂ ಕೊಯ್ದು ಚಿಕ್ಕದು ಮಾಡಬೇಕಾಗುತ್ತಿತ್ತು. ಈ ಸಲ ತಾಯಿಯಂತೆ ಎಂದು ಕೆತ್ತಿದೆ. ಬೆವರಿತು. ಸವೆಸಿ, ಅಕ್ಕನಂತೆ ಎಂದು ಕೆತ್ತಿದೆ. ಬೆವರಿತು. ಬಂಧುತ್ವವೇ ಬೇಡವೆಂದು ಬರೀ ಮಕ್ಕಳ ಮೇಲೆ ಅಕ್ಕರೆ ಇದ್ದವರು ಎಂದು ಕೆತ್ತಿದೆ. ನೀರು ಮೇಜಿನಿಂದಿಳಿದು ಕೆಂಪಣ್ಣನ ಚಪ್ಪಲಿ ನೆನೆಸಿತು.

ಅಷ್ಟರಲ್ಲಿ ವೃಷಭೇಂದ್ರ ನೋಡಲು ಬಂದ. ಮುಚ್ಚಿಡಲು ಸಮಯವಾಗಲಿಲ್ಲ. ಅವನು ಮೊದಲು ಗಾಜಿನ ಗಾತ್ರ ನೋಡಿ, "ಇದೇನು, ಪ್ರಶಸ್ತಿಯೋ, ಸ್ನಾನದ ಸೋಪೋ?" ಎಂದು ರೇಗಿದ. ಆಮೇಲೆ ನೀರು ನೋಡಿದ. ಆಮೇಲೆ ಅಕ್ಷರ ಓದಿದ. ಸ್ಟೂಲಿನ ಮೇಲೆ ಕುಸಿದು ಕೂತ.

"ಗಾಜು ಕೆಟ್ಟಿದೆ," ಅಂದ.

"ಇದೇ ಗಟ್ಟಿಯಿಂದ ಕೊಯ್ದ ಇನ್ನೊಂದು ತುಂಡು ಅಲ್ಲಿದೆ ನೋಡು," ಅಂದ ಕೆಂಪಣ್ಣ. ಜಟಕಾ ಕುದುರೆಗೆ ಲಾಳ ಹೊಡೆಯುವವರ ಸಂಘ ತನ್ನ ಹಿರಿಯನೊಬ್ಬನಿಗೆಂದು ಮಾಡಿಸಿದ್ದು ಅದು. "ನಿಧಾನಿ, ಆದರೆ ಕುದುರೆಗೆ ನೋವು ಮಾಡುವುದಿಲ್ಲ" ಎಂದು ಕೆತ್ತಿದ್ದೆವು. ಹಪ್ಪಳದಂತೆ ಒಣಗಿತ್ತು.

ವೃಷಭೇಂದ್ರ ಅದನ್ನು ಎರಡು ಸಲ ಸವರಿ ನೋಡಿದ. ಆಮೇಲೆ ಉಪಾಯಗಳು ಶುರುವಾದವು. ಕೆಳಗೆ ಹತ್ತಿ ಇಡೋಣ. ಹಿಂದೆ ಫ್ಯಾನು ಹಾಕೋಣ. ಗಾಜಿನ ಡಬ್ಬಿಯೊಳಗೆ ಇಟ್ಟು ಕೊಡೋಣ. ಪುಟ್ಟಸಿದ್ದನಿಗೆ ರಜಾ ಬೇಡ, ತಮ್ಮನನ್ನೂ ಕರೆದುಕೊಂಡು ಬರಲಿ. ಪ್ರತಿಯೊಂದಕ್ಕೂ ನಾನು ಆಗದೆಂದು ತಲೆಯಾಡಿಸಿದೆ. ಇಡೀ ಊರು ಮುಂದೆ ಕೂತಿರುತ್ತದೆ. ಟೀಚರ ಕೈಯಲ್ಲಿ ಆ ಹರಳು ಸುರಿಯುವುದನ್ನು ಅವರೆಲ್ಲರೂ ನೋಡುತ್ತಾರೆ. ಜೀವಮಾನವಿಡೀ ಯಾವುದನ್ನು ತಪ್ಪಿಸಿಕೊಂಡು ಬಂದಿದ್ದರೋ ಅದೇ ಆಗುತ್ತದೆ.

"ಏನಾದರೂ ಬರಿ ದೇವೀರಿ," ಅಂದ ಕೊನೆಗೆ. ದನಿ ಇಳಿದುಹೋಗಿತ್ತು. "ಒಣಗಿರಬೇಕು, ಅಷ್ಟೇ. ಏನು ಬೇಕಾದರೂ ಬರಿ. ನಾನು ಕೇಳೋದಿಲ್ಲ."

ಮಾರನೆಯ ಬೆಳಿಗ್ಗೆ ನಾನು ದೋಣಿಕಟ್ಟೆ ಬೀದಿಯಲ್ಲಿರುವ ಟೀಚರ ಮನೆಗೆ ಹೋದೆ. ಅವರು ವರಾಂಡದಲ್ಲಿ ಕೂತು ಪೇಪರಿನಲ್ಲಿ ಬಂದ ಅಂಕಿಗಳ ಒಗಟು ಬಿಡಿಸುತ್ತಿದ್ದರು. ನಾನು ಏನೂ ಹೇಳುವ ಮೊದಲೇ ಕನ್ನಡಕದ ಮೇಲಿನಿಂದ ನೋಡಿ, "ಬೆವರಿತಾ?" ಅಂದರು.

ಹೌದೆಂದು ತಲೆಯಾಡಿಸಿದೆ.

"ಗೊತ್ತಿತ್ತು. ಆ ವೃಷಭೇಂದ್ರ ನಮ್ಮ ಮನೆ ಮುಂದೆ ಚಾಪೆ ಹಾಸಿಕೊಂಡು ಕೂತುಬಿಟ್ಟ, ಒಪ್ಪೋ ತನಕ ಏಳಲ್ಲ ಅಂತ. ಬೀದಿಗೆ ಅಡ್ಡವಾಗಿತ್ತು. ಒಪ್ಪಿದೆ." ಪೆನ್ಸಿಲು ಕೆಳಗಿಟ್ಟರು. "ಏನು ಕೆತ್ತಿದ್ದೆ?"

ಎಲ್ಲವನ್ನೂ ಹೇಳಿದೆ. ತಾಯಿ, ಅಕ್ಕ, ಅಕ್ಕರೆ. ಅವರು ಉತ್ತರಪತ್ರಿಕೆ ತಿದ್ದುವಾಗಿನ ಮುಖ ಮಾಡಿಕೊಂಡು ಕೇಳಿಸಿಕೊಂಡರು.

"ತಪ್ಪು. ತಪ್ಪು. ಅದೂ ತಪ್ಪು," ಅಂದರು. "ಮಕ್ಕಳಂದ್ರೆ ನನಗೆ ಆಗಲ್ಲ ಕಣೆ ದೇವೀರಿ. ಮೊದಲಿಂದಲೂ ಆಗ್ತಿರಲಿಲ್ಲ. ಗದ್ದಲ, ಗೊಣ್ಣೆ, ಹೇಳಿದ್ದನ್ನೇ ಹೇಳೋದು. ನನಗೆ ಇಷ್ಟ ಇದ್ದದ್ದು ಲೆಕ್ಕ. ಲೆಕ್ಕದ ಕೆಲಸ ಅಂತ ಹೋದೆ. ಹೋಗಿ ನೋಡಿದರೆ ಲೆಕ್ಕದ ಸುತ್ತ ಮಕ್ಕಳು ಕೂತಿದ್ದವು."

ನಾನು ನಗಬೇಕೋ ಅಳಬೇಕೋ ತಿಳಿಯದೆ ಜಗಲಿಯ ಮೇಲೆ ಕೂತೆ. ಕೇಳಬಾರದೆಂದುಕೊಂಡಿದ್ದ ಪ್ರಶ್ನೆ ತಾನಾಗಿಯೇ ಹೊರಗೆ ಬಂತು. "ನನ್ನನ್ನೂ?"

"ನಿನ್ನನ್ನೂ."

"ಒಂಚೂರೂ?"

"ಒಂಚೂರು ಅಂತ ಹಾಕಿ ನೋಡು ಬೇಕಾದರೆ, ನಿನ್ನ ಗಾಜೇ ಹೇಳುತ್ತೆ." ಅವರು ನನ್ನ ಮುಖ ನೋಡಿ ಸ್ವಲ್ಪ ಮೆತ್ತಗಾದರು. ಆದರೂ ಉತ್ತರ ಬದಲಿಸಲಿಲ್ಲ. "ನಿನ್ನ ತಲೇಲಿ ಹೇನಿದ್ದವು. ನನಗೂ ಹತ್ತಿಸಿದ್ದೆ."

"ಮತ್ತೆ ದಿನಾ ಯಾಕೆ ಬಾಚುತ್ತಿದ್ದಿರಿ?"

"ಬಾಚೋರು ಇನ್ಯಾರೂ ಇರಲಿಲ್ವಲ್ಲ," ಅಂದರು. ಎರಡಕ್ಕೆರಡು ನಾಲ್ಕಲ್ಲವೇ ಎನ್ನುವ ದನಿಯಲ್ಲಿ.

ಬೀದಿಯಲ್ಲಿ ಮಂಡಕ್ಕಿ ಮಾರುವವನು ಕೂಗುತ್ತಾ ಹೋದ. ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಅಂತ ಮಾತ್ರ ಗೊತ್ತಾಗಲಿಲ್ಲ. ಟೀಚರ್ ಮತ್ತೆ ಪೆನ್ಸಿಲು ಎತ್ತಿಕೊಂಡರು, ಆದರೆ ಒಗಟಿಗೆ ಕೈ ಹಾಕಲಿಲ್ಲ.

"ದಿನಾ ಬೆಳಿಗ್ಗೆ ಶಾಲೆಯ ಗೇಟಿನ ಹತ್ತಿರ ಒಂದು ಸಲ ನಿಂತು ಉಸಿರು ಎಳೆದುಕೊಂಡು ಒಳಗೆ ಹೋಗ್ತಿದ್ದೆ," ಅಂದರು. "ಇವಕ್ಕೆ ಗೊತ್ತಾಗಬಾರದು ಅಂತ. ಇಷ್ಟ ಇಲ್ಲದಿರೋದು ಅವುಗಳ ತಪ್ಪಲ್ವಲ್ಲ. ಗೊತ್ತಾಗಲಿಲ್ಲ ತಾನೆ?"

"ಇಲ್ಲ," ಎಂದೆ. "ಗೊತ್ತಾಗಲಿಲ್ಲ."

ಅವರ ಮುಖದಲ್ಲಿ ಮೊದಲ ಬಾರಿಗೆ ಏನೋ ಸಡಿಲವಾಯಿತು. ನೂರಕ್ಕೆ ನೂರು ತೆಗೆದ ಹುಡುಗಿಯ ಹಾಗೆ ಕಂಡರು. "ಹಾಗಾದರೆ ಅದನ್ನೇ ಬರಿ," ಅಂದರು. "ಸಾಕಾಗಿದೆ ನನಗೆ. ರಸ್ತೇಲಿ ಹೋದರೆ ತಾಯಿ, ಅಂಗಡೀಲಿ ನಿಂತರೆ ತಾಯಿ. ಮಾಡಿದ್ದಕ್ಕೆ ಏನಾದರೂ ಕೊಡೋದಿದ್ದರೆ ಕೊಡಲಿ. ಮಾಡದ್ದಕ್ಕೆ ಬೇಡ."

"ಊರವರೆದುರಿಗೆ ಟೀಚರ್. ಬೇಜಾರು ಮಾಡಿಕೊಳ್ತಾರೆ."

"ಮಾಡಿಕೊಳ್ಳಲಿ. ದೊಡ್ಡವರಾಗಿದ್ದಾರಲ್ಲ."

ಇಬ್ಬರೂ ಕೂತು ಸಾಲು ಕಟ್ಟಿದೆವು. ನಾನು ಹೇಳಿದ್ದನ್ನೆಲ್ಲ ಅವರು ಕತ್ತರಿಸಿದರು. 'ಆದರೂ' ಅನ್ನುವ ಪದ ಬೇಡ, ನಡುವೆ ಅಡ್ಡಗಾಲು ಹಾಕುತ್ತೆ ಅಂದರು. ವಿಶೇಷಣ ಒಂದೂ ಬೇಡ ಅಂದರು. ಕೊನೆಗೆ ಮೂರು ಪುಟ್ಟ ವಾಕ್ಯ ಉಳಿದವು. ಅಂಗಡಿಗೆ ಬಂದು ಕೆತ್ತಿದೆ. ಒರೆಸಿಟ್ಟು ಟೀ ಮಾಡಿಕೊಂಡು ಕೂತೆವು. ಮೊದಲ ವಾಕ್ಯ ಒಣಗಿತ್ತು. ಎರಡನೆಯದೂ ಒಣಗಿತ್ತು. ಒಬ್ಬರ ಮೇಲೂ ಕೈ ಮಾಡಲಿಲ್ಲ ಎಂಬ ಮೂರನೆಯದರ ಕೊನೆಯಲ್ಲಿ ಮಾತ್ರ ಒಂದು ಹನಿ ಮೂಡಿ, ಯೋಚಿಸಿ, ಇಳಿಯಿತು.

ಮತ್ತೆ ದೋಣಿಕಟ್ಟೆ ಬೀದಿಗೆ ಓಡಿದೆ. ಟೀಚರ್ ಹುಬ್ಬು ಗಂಟಿಕ್ಕಿ ಬಹಳ ಹೊತ್ತು ನೆನಪಿಸಿಕೊಂಡರು. "ಹ್ಞಾ," ಅಂದರು ಆಮೇಲೆ. "ವೃಷಭೇಂದ್ರನಿಗೆ ಒಂದು ಬಿಟ್ಟಿದ್ದೆ. ಇಂಕು ಕುಡಿದಿದ್ದ. ಬೆನ್ನಿಗೆ ಹೊಡೆದು ಕಕ್ಕಿಸಿದೆ. ಅದಾದ ಮೇಲೆ ಇನ್ನೊಂದು ಹೊಡೆದೆ ನೋಡು, ಅದು ಬೇಕಿರಲಿಲ್ಲ. ತೆಗೆದುಹಾಕು ಆ ವಾಕ್ಯ."

ಕೆಂಪಣ್ಣ ಮತ್ತೆ ಸವೆಸಿದ. ಮೊಳದುದ್ದವಿದ್ದ ಗಾಜು ಈಗ ಅಂಗೈಯಗಲವಾಗಿತ್ತು. "ಇನ್ನೊಂದು ಸಲ ಅಂದರೆ ಉಂಗುರಕ್ಕೆ ಕೂರಿಸಬೇಕಾಗುತ್ತೆ," ಎಂದು ಎಚ್ಚರಿಸಿದ. ಎರಡೇ ವಾಕ್ಯ ಕೆತ್ತಿದೆ. ಒಂದು ಟೀ ಕುಡಿದೆವು, ಇನ್ನೊಂದು ಕುಡಿದೆವು. ನಾನು ಬೆರಳಿಂದ ಸವರಿದೆ. ಬಿಸಿಲಿಗಿಟ್ಟ ಕಲ್ಲಿನ ಹಾಗಿತ್ತು. ಕೆಂಪಣ್ಣ ಅದಕ್ಕೊಂದು ಕರಿಯ ಪೀಠ ಅಂಟಿಸಿ, ಅಂಟು ಒಣಗುವ ತನಕ ಎರಡೂ ಕೈಯಲ್ಲಿ ಹಿಡಿದು ನಿಂತ.

ಸಮಾರಂಭದ ಸಂಜೆ ಶಾಲೆಯ ಅಂಗಳದಲ್ಲಿ ಕೂರಲು ಜಾಗವಿರಲಿಲ್ಲ. ಕಾಂಪೌಂಡಿನ ಗೋಡೆಯ ಮೇಲೂ ಜನ. ವೃಷಭೇಂದ್ರ ರೇಷ್ಮೆ ಶಲ್ಯ ಹೊದ್ದು ಬಂದಿದ್ದ. ಹರಳು ಒಣಗಿದೆ ಎಂದು ನಾನು ಹೇಳಿಕಳಿಸಿದ್ದೇ ತಡ, ಅವನು ಪೂರ್ತಿ ಚೇತರಿಸಿಕೊಂಡಿದ್ದ. ಕೊಟ್ಟ ಮಾತಿನಂತೆ, ಏನು ಬರೆದಿದೆಯೆಂದು ಕೇಳಲಿಲ್ಲ. ಹೇಳಲು ಬಾಯಿ ತೆರೆದೆ, ಅವನು, "ಬೇಡ, ಬೇಡ, ಅಲ್ಲೇ ಓದಿ ಎಲ್ಲರ ಜೊತೆ ನಾನೂ ಕೇಳಿಸ್ಕೋತೀನಿ," ಎಂದು ಹರಳನ್ನು ಒಂದು ದೊಡ್ಡ ಜರಿ ಬಟ್ಟೆಯಲ್ಲಿ ಸುತ್ತಿಕೊಂಡು ವೇದಿಕೆ ಹತ್ತಿಬಿಟ್ಟ. ಪುಟ್ಟಸಿದ್ದ ಮೂಲೆಯಲ್ಲಿ ಟವೆಲಿನೊಂದಿಗೆ ಕೂತಿದ್ದ. ರಜಾ ಕೊಟ್ಟರೂ ಬಂದಿದ್ದ, ಅವನೂ ಟೀಚರ ಶಿಷ್ಯನೇ.

ಭಾಷಣಗಳಾದವು. ತಾಯಿ ಎಂಬ ಮಾತು ಬಂದಾಗಲೆಲ್ಲ ಟೀಚರ್ ನೊಣ ಓಡಿಸುವವರಂತೆ ಕೈಯಾಡಿಸುತ್ತಿದ್ದರು. ಜನ ಅದನ್ನೂ ವಿನಯ ಎಂದುಕೊಂಡು ಚಪ್ಪಾಳೆ ತಟ್ಟಿದರು. ಕೊನೆಗೆ ವೃಷಭೇಂದ್ರ ಮೈಕಿನ ಮುಂದೆ ಬಂದು, ಜರಿ ಬಟ್ಟೆಯನ್ನು ಬಿಚ್ಚಿ, ಇನ್ನೂ ಬಿಚ್ಚಿ, ಒಳಗೆ ಹುಡುಕಿ ಹರಳನ್ನು ಹೊರತೆಗೆದ. ಎತ್ತಿ ಹಿಡಿದು ಗಂಟೆಯಂಥ ದನಿಯಲ್ಲಿ ಓದಿದ.

"ಪದ್ಮಾಸನಿ ಟೀಚರ್! ಮಕ್ಕಳೆಂದರೆ ಇಷ್ಟವಿರಲಿಲ್ಲ!"

ಲೌಡ್‌ಸ್ಪೀಕರು ಅದನ್ನು ಊರಿನ ನಾಲ್ಕೂ ದಿಕ್ಕಿಗೆ ಮುಟ್ಟಿಸಿತು. ವೃಷಭೇಂದ್ರನ ಬಾಯಿ ತೆರೆದೇ ಇತ್ತು. ಅವನು ಹರಳನ್ನು ತಿರುಗಿಸಿ ನೋಡಿದ, ಹಿಂಬದಿಯಲ್ಲಿ ಬೇರೇನಾದರೂ ಇದೆಯೋ ಎಂದು. ನಾನು ಮುಂದಿನ ಸಾಲಿನಲ್ಲಿ ಕೂತು ಕೆಂಪಣ್ಣನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅವನಿಗೆ ಮಾರನೆಯ ದಿನವೂ ಗುರುತು ಇತ್ತು.

"ಮುಂದಕ್ಕೆ ಓದು ವೃಷಭೇಂದ್ರ," ಅಂದರು ಟೀಚರ್ ಕೂತಲ್ಲಿಂದಲೇ. ಮೈಕು ಬೇಕಾಗಲಿಲ್ಲ. "ಪೂರ್ಣವಿರಾಮ ಬಂದ ತಕ್ಷಣ ಪಾಠ ಮುಗಿಯಿತಾ?"

ವೃಷಭೇಂದ್ರ ಐದನೇ ತರಗತಿಯ ದನಿಯಲ್ಲಿ ಓದಿದ. "ಅದು ಒಂದು ಮಗುವಿಗೂ ತಿಳಿಯಲಿಲ್ಲ."

ಅಭ್ಯಾಸಬಲದಿಂದ ಪುಟ್ಟಸಿದ್ದ ಎದ್ದು ಬಂದ. ಟವೆಲಿನಿಂದ ಹರಳನ್ನು ಒಂದು ಸಲ ಸುತ್ತಲೂ ಒರೆಸಿದ. ಟವೆಲನ್ನು ನೋಡಿದ. ಕೆನ್ನೆಗೆ ಒತ್ತಿ ನೋಡಿದ. ಆಮೇಲೆ, ಎಂದೂ ಮುಖದಲ್ಲಿ ಏನನ್ನೂ ತೋರಿಸದ ಆ ಮನುಷ್ಯ, ಬಾಯಿ ತುಂಬ ಹಲ್ಲು ಬಿಟ್ಟುಕೊಂಡು ಟವೆಲನ್ನು ತಲೆಯ ಮೇಲೆ ಎತ್ತಿ ಜನರಿಗೆ ತೋರಿಸಿದ. ಒಣಗಿತ್ತು. ಮಂಜಿನಷ್ಟೂ ತೇವವಿರಲಿಲ್ಲ.

ಜನರ ನಡುವಿನಿಂದ ಬಸ್ ಡ್ರೈವರೊಬ್ಬ ಎದ್ದು ನಿಂತ. "ನಿಜವಾಗ್ಲೂ ಟೀಚರ್? ನಾನಂದ್ರೂ ಇಷ್ಟ ಇರಲಿಲ್ವಾ?"

"ನೀನು ಪೆನ್ಸಿಲು ತಿಂತಿದ್ದೆ. ಇರಲಿಲ್ಲ."

"ನಾನು ಟೀಚರ್?" ಎಂದು ಗೋಡೆಯ ಮೇಲಿಂದ ಒಬ್ಬಳು ಕೂಗಿದಳು.

"ನೀನು ಚಾಡಿ ಹೇಳ್ತಿದ್ದೆ. ಈಗಲೂ ಹೇಳ್ತೀಯಂತೆ."

ಯಾರೋ ಪಕ್ಕೆಂದು ನಕ್ಕರು. ಅಲ್ಲಿಂದ ಶುರುವಾಯಿತು ನೋಡಿ. ನಾನು ಟೀಚರ್, ನಾನು ಟೀಚರ್ ಎಂದು ಇಡೀ ಅಂಗಳ ಕೈ ಎತ್ತಿತು, ಸುಕ್ಕುಬಿದ್ದ ಕೈಗಳು, ಬಳೆಯ ಕೈಗಳು, ಗ್ರೀಸು ಮೆತ್ತಿದ ಕೈಗಳು. ಟೀಚರ್ ಒಬ್ಬೊಬ್ಬರಿಗೂ ಯಾಕೆ ಇಷ್ಟವಿರಲಿಲ್ಲವೆಂದು ಕಾರಣಸಮೇತ ಹೇಳಿದರು. ಒಬ್ಬರನ್ನೂ ಮರೆತಿರಲಿಲ್ಲ. ಬೈಸಿಕೊಂಡವರು ಪ್ರಶಸ್ತಿ ಸಿಕ್ಕವರಂತೆ ಬೀಗುತ್ತಾ ಕೂತರು. ಎಲ್ಲರೂ ನಕ್ಕರು ಅಂತಲ್ಲ. ಕೆಲವರು ಎದ್ದುಹೋದರು, ಒಬ್ಬ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಹೋದಳು. ಅವಳ ಹಿಂದೆ ಕೂತಿದ್ದ ಮುದುಕಿ ಗಂಡನಿಗೆ ತಿವಿದು, "ಪ್ರೀತಿ ಪ್ರೀತಿ ಅಂತ ನನ್ನನ್ನು ಕಟ್ಟಿಕೊಂಡಿರಲ್ಲ, ಒಂದು ದಿನ ಬಿಸಿನೀರು ಕಾಯಿಸಿ ಕೊಟ್ಟಿದ್ದೀರಾ?" ಅಂದಳು.

ವೃಷಭೇಂದ್ರ ಮಾತ್ರ ವೇದಿಕೆಯ ಮೇಲೆ ಹರಳು ಹಿಡಿದುಕೊಂಡು ನಿಂತೇ ಇದ್ದ. ಕಣ್ಣೀರು ಶಲ್ಯದ ಮೇಲೆ ಬೀಳುತ್ತಿತ್ತು. "ಆದರೆ ಟೀಚರ್, ಊಟ ಕೊಡ್ತಿದ್ದಿರಲ್ಲ," ಅಂದ.

"ಹಸಿದಿದ್ದೆಯಲ್ಲೋ," ಅಂದರು ಟೀಚರ್. ಎದ್ದು ಬಂದು ಅವನ ಕೈಯಿಂದ ಹರಳನ್ನು ತೆಗೆದುಕೊಂಡರು. "ಆವತ್ತು ಎರಡನೇ ಏಟು ಹೊಡೆಯಬಾರದಿತ್ತು. ತಪ್ಪಾಯಿತು." ವೃಷಭೇಂದ್ರ ಈಗ ಬಹಿರಂಗವಾಗಿಯೇ ಬಿಕ್ಕಿದ. ಪುಟ್ಟಸಿದ್ದ ಟವೆಲನ್ನು ಅವನ ಮುಖಕ್ಕೆ ಹಿಡಿದ. ಆ ದಿನ ಟವೆಲು ನೆನೆದದ್ದು ಆಗಲೇ.

ಆಮೇಲೆ ಊರಿನಲ್ಲಿ ಕೆಲವು ದಿನ ಅದೇ ಮಾತು. ಅಂಗಡಿಗೆ ಹೊಸ ಬಗೆಯ ಬೇಡಿಕೆಗಳು ಬರತೊಡಗಿದವು. ಒಬ್ಬಾಕೆ ಅತ್ತೆಗೆಂದು ಕೆತ್ತಿಸಿಕೊಂಡು ಹೋದ ಸಾಲನ್ನು ನಾನು ಇಲ್ಲಿ ಹೇಳಲಾರೆ, ಒಣಗಿತ್ತು ಎಂದಷ್ಟೇ ಹೇಳುತ್ತೇನೆ. ವೃಷಭೇಂದ್ರ ಸ್ವಲ್ಪ ಕಾಲ ನನ್ನ ಜೊತೆ ಮಾತು ಬಿಟ್ಟಿದ್ದ, ಒಂದು ದಿನ ತಾನಾಗಿಯೇ ನಿಂಬೆ ಸೋಡಾ ಕಳಿಸಿಕೊಟ್ಟ.

ನಾನು ಮಾತ್ರ ದೋಣಿಕಟ್ಟೆ ಬೀದಿಯ ಕಡೆ ಹೋಗಲಿಲ್ಲ. ಅಂಗಳದಲ್ಲಿ ಎಲ್ಲರ ಜೊತೆ ನಕ್ಕಿದ್ದೆ ನಿಜ. ಆದರೆ ಬೆಳಿಗ್ಗೆ ತಲೆ ಬಾಚಿಕೊಳ್ಳುವಾಗ ಏನೋ ಸಣ್ಣಗೆ ಚುಚ್ಚುತ್ತಿತ್ತು. ಕೆಂಪಣ್ಣ ಅದನ್ನು ನೋಡುತ್ತಾ ನೋಡುತ್ತಾ ಒಂದು ಭಾನುವಾರ ಹೇಳಿದ, "ಇಷ್ಟ ಇಲ್ಲದೋರ ತಲೆ ಬಾಚೋದು ಎಷ್ಟು ಕಷ್ಟ ಗೊತ್ತಾ? ಇಷ್ಟ ಇದ್ದೋರದ್ದೇ ನಾನು ಒಂದು ದಿನ ಬಾಚಿಲ್ಲ." ಹೇಳಿ ಚಕ್ರದ ಮುಂದೆ ಕೂತ. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಟೀಚರ್ ಬಾಗಿಲು ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಏನು ಕೆಲಸ?"

"ಏನಿಲ್ಲ. ಸುಮ್ಮನೆ ಬಂದೆ."

"ಕಾಲಿಗೆ ಬೀಳೋದಿಕ್ಕಾ?"

"ಅಲ್ಲ. ಕಾಫಿ ಕೊಟ್ಟರೆ ಕುಡಿಯೋದಿಕ್ಕೆ."

ಅವರು ಬಾಗಿಲು ಪೂರ್ತಿ ತೆರೆದರು. ಕಾಫಿ ಮಾಡಿದರು, ಚೆನ್ನಾಗಿರಲಿಲ್ಲ, ಹಾಗೆಂದು ಹೇಳಿದೆ. ಹಾಗಾದರೆ ನೀನೇ ಮಾಡು ಎಂದರು. ಮಾಡಿದೆ. ಇಬ್ಬರೂ ವರಾಂಡದಲ್ಲಿ ಕೂತು ಪುರಸಭೆಯವರನ್ನು ಬೈದೆವು. ಮಂಡಿ ನೋವಿನ ಬಗ್ಗೆ ಮಾತಾಡಿದೆವು. ಕೆಂಪಣ್ಣ ಗೊರಕೆ ಹೊಡೆಯುವುದನ್ನು ಅನುಕರಿಸಿ ತೋರಿಸಿದೆ, ಟೀಚರ್ ಕಾಫಿ ನೆತ್ತಿಗೇರುವಷ್ಟು ನಕ್ಕರು. ಚಿಕ್ಕಂದಿನಲ್ಲಿ ಯಾರನ್ನೋ ಮದುವೆಯಾಗಬೇಕೆಂದುಕೊಂಡಿದ್ದು, ಅವನಿಗೆ ಭಿನ್ನರಾಶಿ ಬರುವುದಿಲ್ಲವೆಂದು ತಿಳಿದು ಬಿಟ್ಟದ್ದು, ಅದನ್ನೂ ಹೇಳಿದರು. ಇದನ್ನು ಯಾರಿಗೂ ಹೇಳಿರಲಿಲ್ಲವಂತೆ. ನೋಡಿದರೆ ಮಧ್ಯಾಹ್ನವಾಗಿತ್ತು.

ಹೊರಡಲು ಎದ್ದಾಗ ಅವರೂ ಗೇಟಿನ ತನಕ ಬಂದರು. ನನ್ನ ಮುಖವನ್ನು, ಬಿಡಿಸಿಯಾದ ಲೆಕ್ಕವನ್ನು ಇನ್ನೊಂದು ಸಲ ತಾಳೆ ನೋಡುವವರ ಹಾಗೆ ನೋಡಿದರು.

"ಆಗ ನಿಮ್ಮ ಹತ್ತಿರ ಮಾತಾಡೋಕೆ ಏನೂ ಇರ್ತಿರಲಿಲ್ಲ ಕಣೆ," ಅಂದರು. "ಯಾವಾಗ ದೊಡ್ಡವರಾಗ್ತೀರೋ ಅಂತ ಕಾಯ್ತಾ ಇದ್ದೆ. ನಾಳೆ ಬರ್ತೀಯಾ?"